ಕೊಂಡ ಹಾಡು ಯಾರ ಸ್ವತ್ತು?

ಜೇಬಿನಲ್ಲಿ ಇಟ್ಟುಕೊಳ್ಳುವ ಮ್ಯೂಸಿಕ್ ಪ್ಲೇಯರ್ ಮನೆಯ ಕಂಪ್ಯೂಟರಿಗೆ ಹೊಂದಬೇಕಾದರೆ ನಾಲ್ಕು ಸಂಗತಿಗಳು ಕೂಡಿಬರಬೇಕು: ಕೇಬಲ್, ಆಪರೇಟಿಂಗ್ ಸಿಸ್ಟಂ, ಫೈಲಿನ ಮಾದರಿ, ಫೈಲಿಗೆ ಹಾಕಿದ ಬೀಗ. ಮೊದಲ ಮೂರು ಯಂತ್ರದ ಸಾಮರ್ಥ್ಯಕ್ಕೆ ಸೇರಿದವು. 2001ರ ಅಕ್ಟೋಬರಿನಲ್ಲಿ ಬಂದ ಆ್ಯಪಲ್‌ನ ಐಪಾಡ್ ಮ್ಯಾಕ್ ಕಂಪ್ಯೂಟರಿಗೆ ಮಾತ್ರ, ಅದೂ ಫೈರ್‌ವೈರ್ ಕೇಬಲಿನಿಂದ, ಹೊಂದುತ್ತಿತ್ತು. ಮರುವರ್ಷ ವಿಂಡೋಸ್ ಮಾದರಿ ಬಂದು ಆ ತೊಡಕು ನೀಗಿತು. ಬೀಗದ ಜಾತಿಯೇ ಬೇರೆ. ದುಡ್ಡು ಕೊಟ್ಟು ಕೊಂಡ ಹಾಡು ಕೊಂಡವರದೇ ಎಂಬ ತಾತ್ತ್ವಿಕ ಪ್ರಶ್ನೆಯನ್ನು ಎತ್ತುವುದು ಅದು.

2003ರ ಏಪ್ರಿಲಿನಲ್ಲಿ ತೆರೆದ ಐಟ್ಯೂನ್ಸ್ ಮಳಿಗೆಯಲ್ಲಿ ಒಂದು ಹಾಡಿಗೆ 99 ಸೆಂಟ್. ಹಾಗೆ ಕೊಂಡ ಫೈಲಿಗೆ ‘ಫೇರ್‌ಪ್ಲೇ’ ಎಂಬ ಬೀಗವಿತ್ತು. ಮುಂದೆ ನಿಗದಿಯಾದ ಲೆಕ್ಕದಂತೆ ಅದನ್ನು ಐದು ಕಂಪ್ಯೂಟರುಗಳಲ್ಲಿ ನುಡಿಸಲು ಅನುಮತಿ. ಹಳೆಯ ಯಂತ್ರವನ್ನು ಮಾರುವ ಮುನ್ನ ಅನುಮತಿಯನ್ನು ಹಿಂತೆಗೆದುಕೊಳ್ಳಲು ಮರೆತರೆ ಐದರಲ್ಲಿ ಒಂದು ಅದರ ಜೊತೆಗೇ ಹೋಗುತ್ತಿತ್ತು. ಮಳಿಗೆಗೂ ಪ್ಲೇಯರಿಗೂ ಹೊಂದಾಣಿಕೆ ಉಂಟೆಂದು ಸಾರುವ ‘ಪ್ಲೇಸ್‌ಫಾರ್‌ಶೂರ್’ ಎಂಬ ಮುದ್ರೆಯನ್ನು ಮೈಕ್ರೋಸಾಫ್ಟ್ 2004ರಲ್ಲಿ ತಂದಿತು. 2006ರಲ್ಲಿ ಅದೇ ಕಂಪನಿ ಹೊರತಂದ ಝೂನ್ ಪ್ಲೇಯರ್, ಆ ಮುದ್ರೆಯ ಮಳಿಗೆಗಳಲ್ಲಿ ಕೊಂಡ ಹಾಡುಗಳನ್ನು ನುಡಿಸಲಿಲ್ಲ. ಅದೇ ಹಾಡನ್ನು ಸಿಡಿಯಿಂದ ಎಂಪಿ3ಗೆ ಇಳಿಸಿಕೊಂಡರೆ ಬಹುತೇಕ ಎಲ್ಲ ಪ್ಲೇಯರುಗಳಲ್ಲೂ ಕೇಳಬಹುದಿತ್ತು.

ಹಾಗಾದರೆ ಕೊಂಡದ್ದು ಯಾರದು? ಸ್ವತ್ವದ, ಎಂದರೆ ಒಡೆತನದ, ವಿಚಾರದಲ್ಲಿ ಭಾರತೀಯ ಶಾಸ್ತ್ರಗಳು ದೀರ್ಘ ಚರ್ಚೆ ನಡೆಸಿವೆ. ಗೌತಮ ಧರ್ಮಸೂತ್ರ ಹೇಳುವ ಸ್ವತ್ವದ ಮೂಲಗಳಲ್ಲಿ ಕ್ರಯವೂ, ಎಂದರೆ ಕೊಳ್ಳುವುದೂ, ಒಂದು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರನ ಪ್ರಕಾರ ಸ್ವತ್ವ ಲೌಕಿಕವಾದದ್ದು, ಲೋಕವ್ಯವಹಾರದಿಂದಲೇ ತಿಳಿಯುವಂಥದ್ದು. ತಾನು ಮಾರಿದ್ದು ಕೇಳುವ ಅನುಮತಿಯನ್ನಷ್ಟೇ ಎಂದು ಮಾರುವವನ ಕರಾರು ಹೇಳಬಹುದು. ಆದರೆ ಮಳಿಗೆಯ ಗುಂಡಿಯ ಮೇಲಿದ್ದದ್ದು ‘ಕೊಳ್ಳಿ’ ಎಂಬ ಮಾತು. ಜನ ತಿಳಿದುಕೊಂಡದ್ದೂ ಹಾಗೆಯೇ. ಲೋಕವ್ಯವಹಾರವೇ ಪ್ರಮಾಣವಾದರೆ ತಕ್ಕಡಿ ಕೊಂಡವರ ಕಡೆಗೆ ವಾಲುತ್ತದೆ.

ಸ್ವತ್ವಕ್ಕೆ ಕೊಟ್ಟ ಒಂದು ಲಕ್ಷಣ, ಎಂದರೆ ವ್ಯಾಖ್ಯೆ, ಹೀಗಿದೆ: ಇಷ್ಟಬಂದಂತೆ ಬಳಸಲು ತಕ್ಕದ್ದಾಗಿರುವುದೇ ಸ್ವತ್ವ. ನವ್ಯನ್ಯಾಯ ಎಂಬ ತರ್ಕಪಂಥದ ರಘುನಾಥ ಶಿರೋಮಣಿ ಇದನ್ನು ಒಪ್ಪಲಿಲ್ಲ. ಪರರ ಅನ್ನವನ್ನೂ ಉಣ್ಣಬಹುದು. ಉಂಡ ಮಾತ್ರಕ್ಕೆ ಅದು ಉಂಡವನದಾಗದು. ಪರರ ಸೊತ್ತಿನ ಬಳಕೆಯನ್ನು ಶಾಸ್ತ್ರ ನಿಷೇಧಿಸಿದೆ ಎಂದರೆ, ‘ಪರರದು’ ಎನ್ನುವಲ್ಲೇ ಸ್ವತ್ವ ಒಳನುಸುಳಿ ಲಕ್ಷಣ ತನ್ನ ಸುತ್ತಲೇ ತಿರುಗುತ್ತದೆ. ಆದ್ದರಿಂದ ಸ್ವತ್ವ ಬೇರೆಯೇ ಒಂದು ಪದಾರ್ಥ, ಎಂದರೆ ಇರವಿನ ಸ್ವತಂತ್ರ ವರ್ಗ, ಎಂದು ಆತ ಸಾಧಿಸಿದ.

ಬೀಗ ಹಾಕಿದ ಹಾಡು ಈ ಅನ್ನದ ಉದಾಹರಣೆಯ ಮಗ್ಗುಲು ಬದಲಾಯಿಸುತ್ತದೆ. ಪರರ ಅನ್ನ ಉಂಡವನಿಗೆ ಬಳಕೆ ಉಂಟು, ಸ್ವತ್ವವಿಲ್ಲ. ಹಾಡು ಕೊಂಡವನಿಗೆ ಸ್ವತ್ವ ಉಂಟು, ಬಳಕೆಗೆ ಅಡ್ಡಿ. ಎರಡೂ ಬೇರೆಬೇರೆ ಎಂಬ ರಘುನಾಥನ ನಿಲುವಿಗೆ ಇದೂ ಒಂದು ಆಧಾರ. ಆ್ಯಪಲ್ 2009ರಲ್ಲಿ ತನ್ನ ಮಳಿಗೆಯ ಹಾಡುಗಳನ್ನು ಬೀಗವಿಲ್ಲದೆ ಮಾರತೊಡಗಿದಾಗ ಬದಲಾದದ್ದು ಬಳಕೆಯ ವ್ಯಾಪ್ತಿ, ಕೊಳ್ಳುವಿಕೆ ಮೊದಲಿನಂಥದ್ದೇ.

ಪ್ಲೇಯರ್ ಆರಿಸುವಾಗ ಇದರಿಂದ ಎರಡು ಪರೀಕ್ಷೆಗಳು ಒದಗುತ್ತವೆ. ಹಾಡು ಇದರಲ್ಲಿ ನುಡಿಯುತ್ತದೆಯೇ ಎಂಬುದು ಯಂತ್ರದ ಪರೀಕ್ಷೆ. ಈ ಯಂತ್ರ ಕೆಟ್ಟ ಮೇಲೆ ಅದೇ ಹಾಡನ್ನು ಯಾರನ್ನೂ ಕೇಳದೆ ಇನ್ನೊಂದಕ್ಕೆ ಒಯ್ಯಬಹುದೇ ಎಂಬುದು ಸ್ವತ್ವದ ಪರೀಕ್ಷೆ.