ಕರೆ ಒಬ್ಬರಿಗೆ, ಪಯಣ ಮನೆಮಂದಿಗೆಲ್ಲ

ಕ್ರೈಸ್ತ ವೈದ್ಯಸೇವೆಗೆಂದು ಸಂಸಾರವೊಂದು ಕಡಲು ದಾಟುವಾಗ ದೇವರ ಕರೆ ಕೇಳಿಸಿರುವುದು ಸಾಮಾನ್ಯವಾಗಿ ಒಬ್ಬರಿಗೆ. ಹಡಗು ಹತ್ತುವವರು ಮನೆಯವರೆಲ್ಲರೂ. ಒಬ್ಬರ ಕಿವಿಗೆ ಬಿದ್ದ ಕರೆ ಹೆಂಡತಿಯನ್ನು, ಅದರಲ್ಲೂ ಬುದ್ಧಿ ತಿಳಿಯದ ಮಕ್ಕಳನ್ನು ಎಷ್ಟರಮಟ್ಟಿಗೆ ಕಟ್ಟಬಹುದು ಎಂಬುದು ಇಲ್ಲಿನ ಧರ್ಮಪ್ರಶ್ನೆ. ರೋಮನ್ ಕೆಥೊಲಿಕ್ ಪಾದ್ರಿಗಳಿಗೆ ಈ ತೊಡಕಿಲ್ಲ, ಅವರಿಗೆ ಮದುವೆಯೇ ಇಲ್ಲ. ಪ್ರಾಟೆಸ್ಟೆಂಟರು ಬ್ರಹ್ಮಚರ್ಯದ ಕಟ್ಟುಪಾಡನ್ನು ಕೈಬಿಟ್ಟರು, ಲೋಕದ ಕೊನೆಯವರೆಗೂ ಹೋಗುವ ಹಂಬಲವನ್ನು ಮಾತ್ರ ಬಿಡಲಿಲ್ಲ. ಅದರಿಂದ ಹುಟ್ಟಿದ್ದು ಸಂಸಾರ ಸಮೇತವಾದ ಒಂದು ಬಗೆಯ ಸಂನ್ಯಾಸ. ಮನೆ ಬಿಟ್ಟು ಹೋಗುವವನ ವಿಷಯದಲ್ಲಿ ಭಾರತದ ಹಳಬರೂ ಹುಷಾರಾಗಿದ್ದರು: ಹೆಂಡತಿ ಮಕ್ಕಳ ಜೀವನಕ್ಕೆ ದಾರಿ ಮಾಡದೆ ಸಂನ್ಯಾಸಿಯಾದವನಿಗೆ ಕೌಟಿಲ್ಯನ ಅರ್ಥಶಾಸ್ತ್ರ ದಂಡ ವಿಧಿಸುತ್ತದೆ. ಮನೆಯವರನ್ನೂ ಜೊತೆಗೇ ಕರೆದೊಯ್ಯುವವನ ಪ್ರಶ್ನೆ ಬೇರೆ.

ಬೈಬಲ್ ಕೂಡ ಒಂದೇ ಮಾತಿನಲ್ಲಿ ಉತ್ತರ ಕೊಡುವುದಿಲ್ಲ. ತನಗಾಗಿ ಮನೆಮಠ, ಮಕ್ಕಳುಮರಿ ಬಿಟ್ಟವರಿಗೆ ನೂರ್ಮಡಿ ಸಿಗುವುದೆಂದು ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾನೆ. ಆದರೆ ಮಾರ್ಕನ 7ನೇ ಅಧ್ಯಾಯದಲ್ಲಿ, ದೇವರಿಗೆ ಮೀಸಲಿಟ್ಟಿದ್ದೇನೆಂಬ ನೆಪ ಹೇಳಿ ತಂದೆತಾಯಿಗೆ ಸಲ್ಲಬೇಕಾದ್ದನ್ನು ತಪ್ಪಿಸುವವರನ್ನು ಅವನೇ ಗದರಿಸುತ್ತಾನೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರವಂತೂ ಸ್ವಂತ ಮನೆಯವರನ್ನು ನೋಡಿಕೊಳ್ಳದವನನ್ನು ನಂಬಿಕೆಯಿಲ್ಲದವನಿಗಿಂತ ಕೆಳಗೆ ಇಡುತ್ತದೆ. ಹೊರಡುವವರು ಮೊದಲನೆಯ ಮಾತನ್ನು ಹಿಡಿಯುತ್ತಾರೆ, ಬೇಡವೆನ್ನುವ ಬಂಧುಗಳು ಉಳಿದೆರಡನ್ನು.

ಈ ಎಳೆದಾಟವನ್ನು ತಲೆಮಾರುಗಳ ಉದ್ದಕ್ಕೂ ನೋಡಲು ಸಿಗುವುದು ಸ್ಕಡರ್ ಮನೆತನದಲ್ಲಿ. ನ್ಯೂಯಾರ್ಕಿನಲ್ಲಿ ವೈದ್ಯನಾಗಿದ್ದ ಜಾನ್ ಸ್ಕಡರ್ ರೋಗಿಯೊಬ್ಬರ ಮನೆಯಲ್ಲಿ ಪುಸ್ತಿಕೆಯೊಂದನ್ನು ಓದಿದ. ಬೊಂಬಾಯಿಯಲ್ಲಿದ್ದ ಇಬ್ಬರು ಅಮೆರಿಕನ್ ಮಿಷನರಿಗಳು ಬರೆದ ಪುಸ್ತಿಕೆ ಅದು. ಅವನ ಮನಸ್ಸು ಮಿಷನರಿ ಕೆಲಸದಲ್ಲೇ ನೆಟ್ಟಿತು. ತಂದೆಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಹೆಂಡತಿ ಹ್ಯಾರಿಯೆಟ್ ಒಪ್ಪಿದಳು. 1819ರ ಜೂನ್‌ನಲ್ಲಿ ಕೈಗೂಸಿನೊಂದಿಗೆ ಅವರು ಬಾಸ್ಟನ್‌ನಿಂದ ಹಡಗು ಹತ್ತಿದರು. ಕಲ್ಕತ್ತೆ ತಲುಪಿದ ಮೇಲೆ ಆ ಕೂಸು ತೀರಿಕೊಂಡಿತು. ದಂಪತಿ ಹಿಂದಿರುಗಲಿಲ್ಲ. ಸಿಂಹಳದ ಯಾಳ್ಪಾಣದಲ್ಲಿ (ಜಾಫ್ನಾ) ಆಸ್ಪತ್ರೆ ನಡೆಸಿ, 1836ರಲ್ಲಿ ಮದರಾಸಿಗೆ ಬಂದರು. ಅವರ ಗಂಡುಮಕ್ಕಳಲ್ಲಿ ಏಳು ಮಂದಿ ಮಿಷನರಿಗಳಾದರು. 1853ರಲ್ಲಿ ಆರ್ಕಾಟ್ ಮಿಷನ್ ಶುರುವಾದದ್ದು ಈ ಮಕ್ಕಳಿಂದಲೇ.

ಇಷ್ಟಕ್ಕೇ ನಿಂತರೆ ಇದು ಕರೆ ವಂಶಪಾರಂಪರ್ಯವಾಗಿ ಹರಿದ ಕಥೆಯಾಗುತ್ತದೆ, ಭಕ್ತರ ಪುಸ್ತಕಗಳು ಹೇಳುವುದೂ ಹಾಗೆಯೇ. ಮೊಮ್ಮಗಳು ಐಡಾಳ ಬದುಕು ಆ ಕಥೆಗೆ ಒಗ್ಗುವುದಿಲ್ಲ. 1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದ ಆಕೆ ದೊಡ್ಡ ಬರಗಾಲದಲ್ಲಿ ಹಸಿದ ಮಕ್ಕಳ ಕೈಗೆ ರೊಟ್ಟಿ ಇಟ್ಟವಳು. ಮುಂದೆ ಸಂಸಾರ ಅಮೆರಿಕಕ್ಕೆ ಹೋಯಿತು. ಕೆಲ ವರ್ಷಗಳ ಮೇಲೆ, ವೈದ್ಯನಾಗಿದ್ದ ತಂದೆ, ಅವನ ಹಿಂದೆ ತಾಯಿ, ಭಾರತಕ್ಕೆ ಮರಳಿದರು. ಹುಡುಗಿ ನೆಂಟರ ಮನೆಯಲ್ಲಿ ಉಳಿದಳು. ತಾಯಿ ಹೊರಟ ರಾತ್ರಿ ಆಕೆ ತಾಯಿಯ ಖಾಲಿ ಹಾಸಿಗೆಯ ಮೇಲೆ ಬಿದ್ದು ಅತ್ತಳೆಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ಮಿಷನರಿಯಾಗಲಾರೆ ಎಂಬ ಹಟ ಬೆಳೆದದ್ದು ಇಂಥ ಬಾಲ್ಯದಲ್ಲಿ. ತಾಯಿಗೆ ಕಾಯಿಲೆಯೆಂದು ತಿಂಡಿವನಕ್ಕೆ ಬಂದಾಗಲೂ ಬೇಗನೆ ಹಿಂದಿರುಗುವುದೇ ಆಕೆಯ ಲೆಕ್ಕವಾಗಿತ್ತು. ಒಂದು ರಾತ್ರಿ ಮೂವರು ಗಂಡಸರು, ಒಬ್ಬರಾದ ಮೇಲೆ ಒಬ್ಬರು, ಹೆಂಡತಿಗೆ ಹೆರಿಗೆ ಕಷ್ಟವಾಗಿದೆ ಎಂದು ಬಾಗಿಲಿಗೆ ಬಂದರು. ಅವರಲ್ಲಿ ಬ್ರಾಹ್ಮಣನೂ ಇದ್ದ, ಮುಸಲ್ಮಾನನೂ ಇದ್ದ. ಗಂಡು ಡಾಕ್ಟರು ಬೇಡ, ಮಗಳು ಬರಲಿ ಎಂದರು. ಮಗಳಿಗೆ ವೈದ್ಯ ಗೊತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು. ಐಡಾ ಅಮೆರಿಕಕ್ಕೆ ಹೋಗಿ ವೈದ್ಯ ಕಲಿತಳು, 1899ರಲ್ಲಿ ಕಾರ್ನೆಲ್‌ನಿಂದ ಪದವಿ ಪಡೆದಳು, ಮರುವರ್ಷ ವೆಲ್ಲೂರಿಗೆ ಬಂದಳು. 1902ರಲ್ಲಿ ಹೆಂಗಸರ ಆಸ್ಪತ್ರೆ, 1918ರಲ್ಲಿ ಹೆಂಗಸರ ವೈದ್ಯಶಾಲೆ ಆರಂಭವಾದವು. ಇಂದು ಕರ್ನಾಟಕದ ರೋಗಿಗಳೂ ಕಾಟ್ಪಾಡಿಯಲ್ಲಿ ರೈಲಿಳಿದು ಹುಡುಕಿಕೊಂಡು ಹೋಗುವ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಬೆಳೆದದ್ದು ಅಲ್ಲಿಂದ.

ಇಲ್ಲಿ ಗಮನಿಸಬೇಕಾದ್ದು ಕರೆಯ ಸ್ವರೂಪ. ಅದು ಅಜ್ಜನಿಂದ ಬಂದ ಆಸ್ತಿಯಾಗಿರಲಿಲ್ಲ. ಒಲ್ಲೆ ಎನ್ನಲು ಐಡಾಳಿಗೆ ಎಡೆಯಿತ್ತು, ಆಕೆ ಹಾಗೆ ಹೇಳಿಯೂ ಇದ್ದಳು. ಆಮೇಲೆ ತನ್ನ ಕಣ್ಣೆದುರಿನ ಸಾವುಗಳಿಗೆ ತಾನೇ ಓಗೊಟ್ಟಳು. ಆಕೆಯ ಒಪ್ಪಿಗೆಗೆ ತೂಕ ಬಂದದ್ದು ಮೊದಲಿನ ನಿರಾಕರಣೆಯಿಂದ.

ಲಂಡನ್ ಮಿಷನ್ ಆಫ್ರಿಕಕ್ಕೆ ಕಳಿಸಿದ ವೈದ್ಯ ಡೇವಿಡ್ ಲಿವಿಂಗ್‌ಸ್ಟನ್‌ನ ಮನೆಯಲ್ಲಿ ನಡೆದದ್ದೇ ಬೇರೆ. ಬಸುರಿ ಹೆಂಡತಿ ಮೇರಿ, ಸಣ್ಣ ಮಕ್ಕಳನ್ನು ಅವನು 1850ರಲ್ಲಿ ಮರುಭೂಮಿ ದಾಟಿಸಿದ. ಆ ವರ್ಷ ಹುಟ್ಟಿದ ಮಗು ವಾರಗಳೊಳಗೆ ಸತ್ತಿತು. ಮಗಳನ್ನು ಹೀಗೆ ಎಳೆದಾಡುವುದನ್ನು ಕಂಡು ಅತ್ತೆ ಸಿಟ್ಟಿನ ಕಾಗದ ಬರೆದಳು. 1852ರಲ್ಲಿ ಅವನು ಹೆಂಡತಿ ಮಕ್ಕಳನ್ನು ಬ್ರಿಟನ್ನಿಗೆ ಕಳಿಸಿಬಿಟ್ಟ. ಅಲ್ಲಿ ಮೇರಿಗೆ ನೆಲೆಯೂ ಇಲ್ಲ, ಕಾಸೂ ಇಲ್ಲ. ಮತ್ತೆ ಆಫ್ರಿಕಕ್ಕೆ ಬಂದ ಆಕೆ 1862ರಲ್ಲಿ ಜಾಂಬೆಜಿ ನದಿಯ ಬಳಿ ಜ್ವರದಿಂದ ತೀರಿಕೊಂಡಳು. ಹಿರಿಯ ಮಗ ರಾಬರ್ಟ್ ಹೆಸರು ಬದಲಿಸಿಕೊಂಡು ಅಮೆರಿಕದ ಅಂತರ್ಯುದ್ಧಕ್ಕೆ ಸೇರಿ, 1864ರಲ್ಲಿ ಸೆರೆಯಲ್ಲಿ ಸತ್ತ. ಲಿವಿಂಗ್‌ಸ್ಟನ್‌ನ ಪಯಣಗಳನ್ನು ಹೊಗಳುವವರು ಈ ಪುಟಗಳನ್ನು ಬೇಗ ತಿರುವುತ್ತಾರೆ.

ವೈದ್ಯನಿಗೆ ಬೋಧಕನಿಗಿಲ್ಲದ ಒಂದು ಸಮಜಾಯಿಷಿ ಉಂಟು: ತಾನು ಹೋಗದಿದ್ದರೆ ಜನ ಸಾಯುತ್ತಾರೆ. ವಾದ ಗಟ್ಟಿಯಾದದ್ದೇ. ಆದರೆ ಕಳಿಸಿಕೊಟ್ಟ ಸಂಸ್ಥೆಗಳು ಮೊದಲಿಗೆ ಅದನ್ನು ಪೂರ್ತಿ ನಂಬಿರಲಿಲ್ಲ. 1834ರಲ್ಲಿ ಚೀನಾದ ಕ್ಯಾಂಟನ್‌ಗೆ ಹೋದ ಪೀಟರ್ ಪಾರ್ಕರನಿಗೆ ಅವನನ್ನು ಕಳಿಸಿದ ಅಮೆರಿಕನ್ ಬೋರ್ಡು ಕೊಟ್ಟ ಸೂಚನೆಯಂತೆ ವೈದ್ಯವು ಸುವಾರ್ತೆಯ ಊಳಿಗದವಳಾಗಿರಬೇಕಿತ್ತು. ಅವನು ಬರೀ ವೈದ್ಯನೇ ಆಗುತ್ತಿದ್ದಾನೆಂದು ಕಡೆಗೆ ಸಂಬಂಧವೂ ಕಡಿದುಹೋಯಿತು. ರೋಗ ವಾಸಿ ಮಾಡುವುದೇ ಪೂಜೆಯೆಂದು ಒಪ್ಪಿದರೂ ಮನೆಯ ಲೆಕ್ಕ ಚುಕ್ತಾ ಆಗುವುದಿಲ್ಲ. ಕಲ್ಕತ್ತೆಯಲ್ಲಿ ಹೋದ ಕೂಸಿಗೆ ವೆಲ್ಲೂರಿನ ಆಸ್ಪತ್ರೆ ಪರಿಹಾರವಲ್ಲ. ಯಾರದೋ ಜೀವ ಉಳಿಸಿದ್ದನ್ನು ಇನ್ಯಾರದೋ ಸಾವಿಗೆ ಜಮಾ ಹಾಕುವ ಅಧಿಕಾರ ಯಾವ ತಂದೆಗೂ ಇಲ್ಲ.

ವಯಸ್ಕರಾದ ಗಂಡ ಹೆಂಡತಿ ಕೂತು ಮಾತಾಡಿ ನಿರ್ಧರಿಸಬಲ್ಲರು. ಮಗುವಿನ ಒಪ್ಪಿಗೆಯನ್ನು ಮುಂಗಡವಾಗಿ ಪಡೆಯುವ ದಾರಿಯೇ ಇಲ್ಲ. ಹಾಗಾಗಿ ಹೊರಡುವ ತಂದೆತಾಯಿ ಎರಡಕ್ಕೆ ಬದ್ಧರಾಗಬೇಕಾಗುತ್ತದೆ: ಮಗುವಿಗೆ ಸಲ್ಲಬೇಕಾದ ಆರೈಕೆಯನ್ನು ದೇವರ ಹೆಸರಲ್ಲಿ ಕಡಿತಗೊಳಿಸದಿರುವುದು, ಬೆಳೆದ ಮೇಲೆ ಅದು ಬೇರೆ ದಾರಿ ಹಿಡಿದರೆ ದ್ರೋಹವೆಂದು ಬಗೆಯದಿರುವುದು. ಮೊದಲನೆಯದರ ಅರಿವು ಮಿಷನ್‌ಗಳಿಗೆ ತಡವಾಗಿಯಾದರೂ ಬಂತು. ಮಿಷನರಿಗಳ ಮಕ್ಕಳನ್ನು ಓದಿಗಾಗಿ ಕಡಲಾಚೆ ಕಳಿಸುವುದು ತಪ್ಪಲೆಂದು 1901ರಲ್ಲಿ ಕೊಡೈಕನಾಲ್‌ನಲ್ಲಿ ಶಾಲೆ ತೆರೆದರು. ಹಾಸ್ಟೆಲಿನಲ್ಲಿದ್ದರೂ ಮಕ್ಕಳು ರಜೆಗೆ ತಂದೆತಾಯಿಯ ಬಳಿ ಬರುವಂತಾಯಿತು.