ಹಳದಿ ಶಂಖ, ಪರದೆಯ ಬಿಳಿ

ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಯಕ್ಷಗಾನದ ಆಟವಿರಲಿ, ಇನ್ನಾವುದೇ ಮೇಳದ್ದಿರಲಿ, ಫೋಟೊ ತೆಗೆಯುವವರಿಗೆ ಈಗ ಕೊರತೆಯಿಲ್ಲ. ತೊಡಕು ಆಮೇಲಿನದು. ಕಂಪ್ಯೂಟರ್ ಪರದೆಯ ಮೇಲೆ ಹದವಾಗಿ ಕಂಡ, ವೇಷದ ಕಸೆ ಸೀರೆಯ ಕೆಂಪು, ಅಚ್ಚಾಗಿ ಬಂದಾಗ ಬೇರೆಯೇ ಆಗಿರುತ್ತದೆ. ತಪ್ಪು ಯಾವುದರದು? ಪರದೆಯದೋ, ಅಚ್ಚಿನದೋ, ಕಣ್ಣಿನದೋ?

ಪ್ರಶ್ನೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಕಾಮಾಲೆಯವನಿಗೆ ಬಿಳಿ ಶಂಖ ಹಳದಿಯಾಗಿ ಕಾಣುತ್ತದೆ ಎಂಬ ಉದಾಹರಣೆ ಹಿಡಿದು ನಮ್ಮ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ್ದಾರೆ. ಕಂಡದ್ದನ್ನು ನಂಬಿ ನಡೆದಾಗ ಫಲ ಸಿಕ್ಕಿತೇ ನೋಡಿ, ಆಗ ಅದು ನಿಜವೆಂದು ತಿಳಿಯುತ್ತದೆ ಎಂದರು ನೈಯಾಯಿಕರು. ಫಲ ಸಿಕ್ಕಿತೆಂಬ ಅರಿವಿಗೆ ಆಧಾರವೇನು ಎಂಬುದು ಮೀಮಾಂಸಕರ ಮರುಪ್ರಶ್ನೆ. ಅವರಲ್ಲೊಬ್ಬರಾದ ಕುಮಾರಿಲ ಭಟ್ಟರ ಪ್ರಕಾರ ಅರಿವು ತಾನಾಗಿಯೇ ಪ್ರಮಾಣ. ಅದನ್ನು ಕೈಬಿಡಬೇಕಾದರೆ ಒಂದೋ ಅದನ್ನು ಬಾಧಿಸುವ ಇನ್ನೊಂದು ಅರಿವು ಹುಟ್ಟಬೇಕು, ಇಲ್ಲವೇ ಅರಿವು ಹುಟ್ಟಿಸಿದ ಸಾಧನದಲ್ಲಿ ದೋಷ ಸಿಗಬೇಕು.

ಗ್ರೇಮ್ ಗಿಲ್ ಬರೆದ ‘ಆರ್ಗಿಲ್ ಸಿಎಂಎಸ್’ ಎಂಬ ಉಚಿತ ತಂತ್ರಾಂಶದಿಂದ ಪರದೆ ತಿದ್ದಲು ಕೂತವರು ನಡೆಯುವುದು ಇದೇ ದಾರಿಯಲ್ಲಿ. ಇಲ್ಲಿ ಒತ್ತಲು ಗುಂಡಿಗಳಿಲ್ಲ. ‘ಡಿಸ್ಪ್‌ಕ್ಯಾಲ್’ ಎಂದು ಟೈಪ್ ಮಾಡಿ ಆದೇಶ ಕೊಡಬೇಕು. ಪರದೆಗೆ ತಾಗಿಸಿಟ್ಟ ಕಲರಿಮೀಟರ್ ಎಂಬ ಮಾಪಕ ಒಂದಾದ ಮೇಲೊಂದರಂತೆ ಬಣ್ಣಗಳನ್ನು ಅಳೆಯುತ್ತದೆ. ಅಷ್ಟಾದರೂ ಬಿಳಿ ಹಳದಿಯಾಗಿಯೇ ಉಳಿದರೆ ಸಾಧನದ ದೋಷ ಹುಡುಕಬೇಕು. ಸಂಜೆಯಾದೊಡನೆ ಪರದೆಯನ್ನು ಹಳದಿ ಮಾಡುವ ‘ನೈಟ್ ಲೈಟ್’ ಚಾಲೂ ಇರಬಹುದು. ಪರದೆ ಯಾವ ಬಗೆಯದೆಂದು ಆದೇಶದಲ್ಲಿ ತಪ್ಪಾಗಿ ಹೇಳಿರಬಹುದು. ಆ ಪರದೆಯ ಎಲ್‌ಇಡಿ ಬೆಳಕಿಗೆ ಹೊಂದುವ ತಿದ್ದುಪಡಿ ಫೈಲು ಕೊಡದಿದ್ದರೆ ಮಾಪಕವೇ ತಪ್ಪು ಓದೀತು. ಲಿನಕ್ಸ್‌ನಲ್ಲಿ ಮಾಪಕ ಕಾಣಿಸುವುದೇ ಇಲ್ಲವೆಂದರೆ ಯುಎಸ್‌ಬಿ ಅನುಮತಿಯನ್ನು ಮೊದಲು ನೋಡಬೇಕು.

ಸಂಶಯಕ್ಕೆ ಕೊನೆಯೆಲ್ಲಿ? ಮೂರು ನಾಲ್ಕು ಅರಿವುಗಳಾಚೆ ಹೋಗಬೇಕಿಲ್ಲ ಎನ್ನುತ್ತದೆ ಕುಮಾರಿಲರ ಶ್ಲೋಕವಾರ್ತಿಕ.

ಪರದೆಯನ್ನು ಮಾಪಕ ತಿದ್ದುತ್ತದೆ. ಮಾಪಕದ ಅಂಕಿಗಳು ನಿಂತಿರುವುದು 1931ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗ ಒಪ್ಪಿದ ‘ಪ್ರಮಾಣಿತ ವೀಕ್ಷಕ’ನ ಮೇಲೆ. ಆ ವೀಕ್ಷಕ ಯಾವೊಬ್ಬ ಮನುಷ್ಯನೂ ಅಲ್ಲ. ಇಂಗ್ಲೆಂಡಿನಲ್ಲಿ ವಿಜ್ಞಾನಿಗಳಾದ ರೈಟ್ 10 ಮಂದಿಯನ್ನು, ಗಿಲ್ಡ್ 7 ಮಂದಿಯನ್ನು ಪರೀಕ್ಷಿಸಿದರು. ಆ 17 ಜನ ಕಂಡದ್ದರ ಸರಾಸರಿಯೇ ಅವನು. ಜಗತ್ತಿನ ಪರದೆಗಳ ಬಿಳಿ ಇಷ್ಟು ಜನರ ಸಮ್ಮತಿಯ ಮೇಲೆ ನಿಂತಿದೆ!

ಮಧ್ವಾಚಾರ್ಯರಿಗೆ ಇಂಥ ಸಮ್ಮತಿ ಕೊನೆಯ ಮಾತಾಗದು. ಕಣ್ಣು ತಪ್ಪಬಹುದು, ಮನಸ್ಸೂ ತಪ್ಪಬಹುದು. ಅರಿವಿನ ಪ್ರಾಮಾಣ್ಯವನ್ನು ನಿಶ್ಚಯಿಸುವುದು ಆತ್ಮಸ್ವರೂಪವೇ ಆದ ಸಾಕ್ಷಿ ಎಂಬುದು ಅವರ ಮತ. ಆಧಾರಕ್ಕೆ ಆಧಾರ ಕೇಳುತ್ತ ಹೋಗುವ ಅನವಸ್ಥೆ ನಿಲ್ಲುವುದೂ ಅಲ್ಲಿಯೇ. ಅಚ್ಚಿನ ಮನೆಗೆ 17 ಜನರ ಸಮ್ಮತಿ ಧಾರಾಳವಾಯಿತು, ನಿಜ. ಆದರೆ ಸಮ್ಮತಿ ಬೇರೆ, ನಿಶ್ಚಯ ಬೇರೆ. ಮಾಪಕದ ಹಸಿರು ಟಿಕ್ಕನ್ನು ಸತ್ಯದ ಮುದ್ರೆಯೆಂದು ತಿಳಿಯುವವರು ಈ ಅಂತರವನ್ನು ಮರೆಯುತ್ತಾರೆ.

ಯಕ್ಷಗಾನದ ಮಟ್ಟಿಗಂತೂ ಇದು ಬರಿಯ ತರ್ಕವಲ್ಲ. ಪರದೆಗೆ ಸಾಮಾನ್ಯವಾಗಿ ಕೊಡುವ ಬಿಳಿ ಸುಮಾರು 6500 ಕೆಲ್ವಿನ್, ಅಂದರೆ ಹಗಲಿನ ಬೆಳಕು. ವೇಷದ ಬಣ್ಣಗಳು ಬೆಳೆದದ್ದು ದೀವಟಿಗೆಯ ಮುಂದೆ. ಉರಿಯುವ ಜ್ವಾಲೆಯದು 2000ದ ಆಸುಪಾಸು. ಆಮೇಲೆ ಗ್ಯಾಸ್‌ಲೈಟ್ ಬಂತು, ವಿದ್ಯುತ್ ಬಂತು. ಇವುಗಳಲ್ಲಿ ಯಾವ ಬೆಳಕಿನ ಕೆಂಪು ಕಸೆ ಸೀರೆಯ ನಿಜವಾದ ಕೆಂಪು ಎಂದು ‘ಡಿಸ್ಪ್‌ಕ್ಯಾಲ್’ ಹೇಳಲಾರದು. ಬಿಳಿ ಎಷ್ಟಿರಬೇಕೆಂದು ನಿರ್ಧರಿಸುವವರು ನಾವೇ. ವೇಷಗಳ ಚಿತ್ರ ಕಾಯ್ದಿಡುವವರು ಆಟ ನಡೆದದ್ದು ಯಾವ ಬೆಳಕಿನಲ್ಲಿ, ಪರದೆ ತಿದ್ದಿದ್ದು ಯಾವ ಬಿಳಿಗೆ ಎಂಬ ಎರಡನ್ನೂ ಚಿತ್ರದ ಜೊತೆಗೇ ಬರೆದಿಡಬೇಕು.