ತಟಸ್ಥ ಮತ್ತು ಮಧ್ಯಸ್ಥ

ತಟಸ್ಥ, ಮಧ್ಯಸ್ಥ ಎಂಬ ಎರಡು ಪದಗಳನ್ನು ನಿತ್ಯದ ಮಾತಿನಲ್ಲಿ ನಾವು ಒಂದರ ಬದಲಿಗೆ ಇನ್ನೊಂದನ್ನು ಬಳಸಿಬಿಡುವುದುಂಟು. ತಟಸ್ಥನೆಂದರೆ ದಡದ ಮೇಲೆ ನಿಂತವನು. ಮಧ್ಯಸ್ಥನೆಂದರೆ ನಡುವೆ ನಿಂತವನು. ಹೊಳೆಯಲ್ಲಿ ಇಬ್ಬರು ಸೆಣಸುತ್ತಿರುವಾಗ ದಡದಲ್ಲಿರುವವನ ಬಟ್ಟೆ ನೆನೆಯುವುದಿಲ್ಲ. ನಡುವೆ ಇಳಿದವನಿಗೆ ಎರಡೂ ಕಡೆಯ ಪೆಟ್ಟು ತಪ್ಪುವುದಿಲ್ಲ. ಇಬ್ಬರೂ ಯಾವ ಪಕ್ಷಕ್ಕೂ ಸೇರದವರೇ ಆದರೂ ಇವರನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಿರಿಯ ಶಕ್ತಿಗಳ ಜಗಳದಲ್ಲಿ ಭಾರತದಂತಹ ನಡುಮಟ್ಟದ ಶಕ್ತಿಯೊಂದು ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆ ಈಗ ಮತ್ತೆ ಎಲ್ಲೆಡೆ ಕೇಳಿಬರುತ್ತಿದೆ. ಎರಡನೆಯ ಮಹಾಯುದ್ಧದ ಬಳಿಕ ಕಟ್ಟಿದ ಲೋಕವ್ಯವಸ್ಥೆಯ ಕಂಬಗಳು ಅಲುಗುತ್ತಿವೆ, ಕಟ್ಟಿದವರೇ ಅಲುಗಿಸುತ್ತಿದ್ದಾರೆ. ಇಂತಹ ಹೊತ್ತಿನಲ್ಲಿ ಪಂಡಿತರು ಲಾಭನಷ್ಟದ ಲೆಕ್ಕ ಹಾಕುತ್ತಾರೆ. ಅದು ಬೇಕಾದದ್ದೇ. ಆದರೆ ನನ್ನ ಪ್ರಶ್ನೆ ಬೇರೆ: ಯಾರ ಪಕ್ಷಕ್ಕೂ ಸೇರದೆ ನಿಲ್ಲುವ ನೈತಿಕ ಹಕ್ಕು ಒಂದು ದೇಶಕ್ಕೆ ಎಲ್ಲಿಂದ ಬರುತ್ತದೆ?

ಪ್ರಶ್ನೆ ಹಳೆಯದು. 1905ರಲ್ಲಿ ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಮಂಡಲದ ವಿವರವಿದೆ. ಅಲ್ಲಿ ಶತ್ರುಮಿತ್ರರಷ್ಟೇ ಅಲ್ಲದೆ ಇನ್ನಿಬ್ಬರು ಅರಸರು ಬರುತ್ತಾರೆ. ಸೆಣಸುವ ಇಬ್ಬರ ನೆಲಕ್ಕೂ ತಾಗಿಕೊಂಡು, ಇಬ್ಬರಿಗೂ ನೆರವಾಗಬಲ್ಲ, ಅವರು ಒಂದಾಗದಿದ್ದಾಗ ಇಬ್ಬರನ್ನೂ ತಡೆಯಬಲ್ಲ ಅರಸ ‘ಮಧ್ಯಮ’. ಇವರೆಲ್ಲರಿಂದ ಆಚೆಗಿದ್ದು, ಇವರೆಲ್ಲರಿಗಿಂತ ಬಲಿಷ್ಠನಾದವನು ‘ಉದಾಸೀನ’. ಕೌಟಿಲ್ಯ ಇಬ್ಬರನ್ನೂ ಬಲದಿಂದ ಅಳೆದನೇ ಹೊರತು ನ್ಯಾಯದಿಂದಲ್ಲ. ಆದರೂ ಅವನ ವಿಂಗಡಣೆಯಲ್ಲಿ ಒಂದು ಸತ್ಯ ಅಡಗಿದೆ. ದೂರದಲ್ಲಿರುವ ಬಲಿಷ್ಠನಿಗೆ ಮಾತ್ರ ಉದಾಸೀನತೆ ಸಲ್ಲುತ್ತದೆ. ಮಧ್ಯಮನ ಗಡಿ ಎರಡೂ ಕಡೆ ಉರಿಯುತ್ತಿರುತ್ತದೆ. ಸುಮ್ಮನಿರುವೆನೆಂದರೂ ಅವನ ಸುಮ್ಮನಿರುವಿಕೆಯೇ ಒಂದು ಪಕ್ಷಕ್ಕೆ ನೆರವಾಗಿಬಿಡುತ್ತದೆ. ಭಾರತ ಯುದ್ಧದಲ್ಲಿ ಬಲರಾಮ ತೀರ್ಥಯಾತ್ರೆಗೆ ಹೊರಟುಹೋದ. ಹದಿನೆಂಟನೆಯ ದಿನ ಮರಳಿ ಬಂದು, ದುರ್ಯೋಧನನ ತೊಡೆ ಮುರಿದದ್ದನ್ನು ಕಂಡು ನೇಗಿಲೆತ್ತಿ ಕೆರಳಿದ. ಅವನ ಕೋಪ ನ್ಯಾಯವಾದದ್ದೇ. ಆದರೆ ಹದಿನೇಳು ದಿನ ಅವನು ಎಲ್ಲಿದ್ದ?

ಸ್ವತಂತ್ರ ಭಾರತಕ್ಕೆ ಈ ಪ್ರಶ್ನೆ ಗಣರಾಜ್ಯವಾದ ಐದೇ ತಿಂಗಳಲ್ಲಿ ಎದುರಾಯಿತು. 1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ 38ನೆಯ ಅಕ್ಷಾಂಶ ರೇಖೆಯನ್ನು ದಾಟಿತು. ಆ ತಿಂಗಳು ಸರದಿಯ ಪ್ರಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದವರು ನಮ್ಮ ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಅದೇ ಬಿ. ಎನ್. ರಾವ್. ಕದನ ನಿಲ್ಲಿಸಿ ಹಿಂದೆ ಸರಿಯುವಂತೆ ಉತ್ತರ ಕೊರಿಯಾಕ್ಕೆ ಹೇಳಿದ ಮೊದಲ ನಿರ್ಣಯಕ್ಕೆ ಭಾರತ ಮತ ನೀಡಿತು. ಎಂದರೆ, ತಪ್ಪು ಯಾರದೆಂದು ಹೇಳಲು ಹಿಂಜರಿಯಲಿಲ್ಲ. ಆದರೆ ಕಾದಾಡುವ ಸೈನ್ಯವನ್ನು ಕಳುಹಿಸಲಿಲ್ಲ. ವೈದ್ಯಕೀಯ ತುಕಡಿಯೊಂದನ್ನು ಕಳುಹಿಸಿತು. ಮುಂದೆ ಅಮೆರಿಕದ ನೇತೃತ್ವದ ಸೇನೆ ತಾನೇ ಆ ರೇಖೆಯನ್ನು ದಾಟಿ ಉತ್ತರಕ್ಕೆ ನುಗ್ಗಲು ಸಿದ್ಧವಾದಾಗ, ಅಕ್ಟೋಬರ್ 3ರ ನಡುರಾತ್ರಿ ಬೀಜಿಂಗಿನಲ್ಲಿ ಚೌ ಎನ್‌ಲಾಯ್ ನಮ್ಮ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕನ್ನರು ದಾಟಿದರೆ ಚೀನಾ ಸುಮ್ಮನಿರದೆಂದು ತಿಳಿಸಿದರು. ಭಾರತ ಆ ಎಚ್ಚರಿಕೆಯನ್ನು ತಲುಪಿಸಿತು. ವಾಷಿಂಗ್ಟನ್ನಿನಲ್ಲಿ ಅದನ್ನು ಪೊಳ್ಳು ಬೆದರಿಕೆಯೆಂದು ಬಗೆದರು. ಅದೇ ತಿಂಗಳು ಚೀನೀ ಸೇನೆ ಯಾಲು ನದಿಯನ್ನು ದಾಟಿತು. ಯುದ್ಧ ಮತ್ತೆ ಮೂರು ವರ್ಷ ಬೆಳೆಯಿತು.

1951ರ ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರಿಯೆಂದು ಘೋಷಿಸುವ ನಿರ್ಣಯ ಸಾಮಾನ್ಯ ಸಭೆಯ ಮುಂದೆ ಬಂತು. 44 ದೇಶಗಳು ಪರವಾಗಿ, 7 ವಿರುದ್ಧವಾಗಿ ಮತ ಹಾಕಿದವು. ವಿರೋಧಿಸಿದವರಲ್ಲಿ ಸೋವಿಯತ್ ಬಣದ ಹೊರಗಿನವರು ಭಾರತ ಮತ್ತು ಬರ್ಮಾ ಮಾತ್ರ. ಸಂಧಾನದ ಬಾಗಿಲು ಮುಚ್ಚಿಹೋದೀತೆಂಬುದು ನಮ್ಮ ವಾದ. ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಆಗ ದೇಶದಲ್ಲಿ ಧಾನ್ಯದ ತೀವ್ರ ಕೊರತೆಯಿತ್ತು. ಸುಮಾರು 36 ಕೋಟಿ ಜನ. ಇಪ್ಪತ್ತು ಲಕ್ಷ ಟನ್ ಧಾನ್ಯಕ್ಕಾಗಿ ನಾವು ಕೈಯೊಡ್ಡಿದ್ದುದು ಅದೇ ಅಮೆರಿಕದ ಮುಂದೆ. ನಮ್ಮ ಮತದ ಸಿಟ್ಟು ಅಲ್ಲಿನ ಸಂಸತ್ತಿನಲ್ಲಿ ತಿಂಗಳುಗಟ್ಟಲೆ ಹೊಗೆಯಾಡಿತು. ಧಾನ್ಯ ಬಂದದ್ದು ಜೂನ್ ತಿಂಗಳಲ್ಲಿ ಕಾನೂನಾದ ಮೇಲೆ, ಅದೂ ಸಾಲವಾಗಿ. ಹಸಿದವನು ಅನ್ನ ಕೊಡುವವನ ಮುಖಕ್ಕೆ ಇಲ್ಲವೆನ್ನುವುದು ಸರಿಯೋ ತಪ್ಪೋ, ಬಲ್ಲವರು ಚರ್ಚಿಸಲಿ. ಅದು ಅಡ್ಡಗೋಡೆಯ ಮೇಲೆ ದೀಪವಿಟ್ಟ ನಡೆಯಂತೂ ಆಗಿರಲಿಲ್ಲ. ಆ ‘ಇಲ್ಲ’ಕ್ಕೆ ನಾವು ಬೆಲೆ ತೆತ್ತೆವು. ಬೆಲೆ ತೆತ್ತವನ ಮಾತನ್ನು ಎದುರಾಳಿಯೂ ಸುಲಭವಾಗಿ ತಳ್ಳಿಹಾಕಲಾರ.

ತಳ್ಳಿಹಾಕಲಿಲ್ಲವೆಂಬುದಕ್ಕೆ ಪನ್‌ಮುಂಜೋಮ್ ಸಾಕ್ಷಿ. ಯುದ್ಧ ನಿಲ್ಲದಿದ್ದುದಕ್ಕೆ ಕೊನೆಯ ಒಂದೂವರೆ ವರ್ಷ ಮುಖ್ಯ ಕಾರಣ ಕೈದಿಗಳ ಪ್ರಶ್ನೆ. 1949ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿಗಳನ್ನು ತಡಮಾಡದೆ ತಾಯ್ನಾಡಿಗೆ ಕಳುಹಿಸಬೇಕು. ಆದರೆ ಅಮೆರಿಕದ ವಶದಲ್ಲಿದ್ದ ಸಾವಿರಾರು ಚೀನೀ, ಕೊರಿಯನ್ ಕೈದಿಗಳು ಹಿಂದಿರುಗಲು ಒಲ್ಲೆವೆಂದರು. ಒಲ್ಲೆನೆಂದವನನ್ನು ಕಟ್ಟಿ ಕಳುಹಿಸುವುದು ಧರ್ಮವೇ? ಹಾಗೆಂದು, ಶಿಬಿರದೊಳಗೆ ಬೆದರಿಕೆಗೆ ಸಿಕ್ಕಿದವನ ‘ಒಲ್ಲೆ’ಯನ್ನು ಅವನ ಸ್ವಂತ ಮಾತೆಂದು ನಂಬುವುದು ಹೇಗೆ? ಎರಡೂ ಪಕ್ಷಗಳಿಗೆ ತಮ್ಮ ತಮ್ಮ ಉತ್ತರ ಸಿದ್ಧವಾಗಿತ್ತು, ಏಕೆಂದರೆ ಇಬ್ಬರಿಗೂ ಕೈದಿ ಒಂದು ಪ್ರಚಾರದ ಸಾಮಗ್ರಿ. ಬಲಪ್ರಯೋಗ ಕೂಡದು, ನಡುವಿನವರ ಸಮಿತಿಯೊಂದು ಕೈದಿಗಳನ್ನು ವಹಿಸಿಕೊಳ್ಳಲಿ, ಎರಡೂ ಕಡೆಯವರು ಬಂದು ಅವರಿಗೆ ವಿವರಿಸಲಿ ಎಂಬ ದಾರಿಯನ್ನು 1952ರ ಕೊನೆಯಲ್ಲಿ ಭಾರತದ ಪರವಾಗಿ ಕೃಷ್ಣ ಮೆನನ್ ಮುಂದಿಟ್ಟರು. ಮೊದಲು ಸೋವಿಯತ್ತರು, ಚೀನೀಯರು ಅದನ್ನು ಜರೆದರು. ಮರುವರ್ಷ ಕದನವಿರಾಮವಾದಾಗ ಬಹುಮಟ್ಟಿಗೆ ಅದೇ ದಾರಿ ಹಿಡಿಯಬೇಕಾಯಿತು.

ಸಮಿತಿಯಲ್ಲಿ ಸ್ವೀಡನ್, ಸ್ವಿಟ್ಜರ್‌ಲೆಂಡ್ ಒಂದು ಕಡೆಯವರ ಆಯ್ಕೆ. ಪೋಲೆಂಡ್, ಜೆಕೊಸ್ಲೊವಾಕಿಯ ಇನ್ನೊಂದು ಕಡೆಯವರದು. ಅಧ್ಯಕ್ಷತೆ ಭಾರತದ್ದು. ಅಧ್ಯಕ್ಷರಾಗಿ ಹೋದವರು ಕೊಡಗಿನ ಲೆಫ್ಟಿನೆಂಟ್ ಜನರಲ್ ಕೆ. ಎಸ್. ತಿಮ್ಮಯ್ಯ. ಕಾವಲಿಗೆ ಮೇಜರ್ ಜನರಲ್ ಎಸ್. ಪಿ. ಪಿ. ಥೋರಾಟ್ ಅವರ ಕೈಕೆಳಗೆ ಐದು ಸಾವಿರಕ್ಕೂ ಹೆಚ್ಚು ಭಾರತೀಯ ಯೋಧರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಇವರು ತನ್ನ ನೆಲವನ್ನು ಮೆಟ್ಟಕೂಡದೆಂದು ಹಟ ಹಿಡಿದುದರಿಂದ ಇಂಚಾನ್ ಬಂದರಿನ ಹಡಗಿನಿಂದಲೇ ಹೆಲಿಕಾಪ್ಟರಿನಲ್ಲಿ ಇವರನ್ನು ನಿಸ್ಸೇನಾ ವಲಯಕ್ಕೆ ಸಾಗಿಸಬೇಕಾಯಿತು. ಸಹಾಯಕ್ಕೆ ಹೋದವರಿಗೆ ಸಿಕ್ಕ ಸ್ವಾಗತ ಇದು.

ಅಲ್ಲಿ ಮುಳ್ಳುತಂತಿಯ ಬೇಲಿಯೊಳಗೆ ಸುಮಾರು 22,600 ಚೀನೀ, ಕೊರಿಯನ್ ಕೈದಿಗಳು. ಇನ್ನೊಂದು ಕಡೆಯಿಂದ ಬಂದ 359 ಮಂದಿ. ಕೈದಿಗಳು ತಮ್ಮೊಳಗೇ ಬಿಗಿಯಾಗಿ ಸಂಘಟಿತರಾಗಿದ್ದರು. ಹಿಂದಿರುಗಬಯಸುವವನು ತನ್ನ ಪಕ್ಕದವನಿಗೂ ಹೇಳಲಾರದ ಸ್ಥಿತಿ. ಒಬ್ಬ ಭಾರತೀಯ ಅಧಿಕಾರಿಯನ್ನು ಅವರು ಒತ್ತೆ ಹಿಡಿದಾಗ ಥೋರಾಟ್ ತಾವೇ ಒಳಗೆ ಹೋಗಿ ಮಾತಿನಿಂದ ಬಿಡಿಸಿದರು. ಮಾತು ಸಾಲದೆ ಗುಂಡು ಹಾರಿದ ಸಂದರ್ಭಗಳೂ ಇದ್ದವು. ಕೆಲವು ಕೈದಿಗಳು ಸತ್ತರು. ಮಧ್ಯಸ್ಥನ ಕೈಗೆ ರಕ್ತ ಅಂಟುವುದೇ ಇಲ್ಲವೆಂದು ಯಾರೂ ಭಾವಿಸಬಾರದು. ವಿವರಣೆಗೆ ಕೊಟ್ಟ 90 ದಿನಗಳು ಡಿಸೆಂಬರ್ 23ಕ್ಕೆ ಮುಗಿದಾಗ ಬಹುಪಾಲು ಕೈದಿಗಳಿಗೆ ವಿವರಣೆಯೇ ತಲುಪಿರಲಿಲ್ಲ. ಅವರನ್ನು ತಾನಾಗಿ ಬಿಡುಗಡೆ ಮಾಡುವ ಅಧಿಕಾರ ತಮಗಿಲ್ಲವೆಂದು ತಿಮ್ಮಯ್ಯನವರು 1954ರ ಜನವರಿಯಲ್ಲಿ ಅವರವರನ್ನು ಮೊದಲು ಹಿಡಿದಿದ್ದವರಿಗೇ ಒಪ್ಪಿಸಿದರು. ಒಂದು ಕಡೆಯವರು ಬೇಗ ಬಿಟ್ಟಿರೆಂದು, ಇನ್ನೊಂದು ಕಡೆಯವರು ಬಿಡಲು ತಡಮಾಡಿದಿರೆಂದು ಬೈದರು. ಪೂರ್ಣ ನ್ಯಾಯವಾಯಿತೆಂದು ನಾನು ಹೇಳಲಾರೆ. ಆದರೆ ಆ ಕೆಲಸಕ್ಕೆ ಇನ್ಯಾರೂ ಎರಡೂ ಕಡೆ ಒಪ್ಪಿಗೆಯಾಗುತ್ತಿರಲಿಲ್ಲ.

ಇಷ್ಟು ಗಳಿಸಿದ್ದನ್ನು ನಾವು ಮೂರೇ ವರ್ಷದಲ್ಲಿ ಸ್ವಲ್ಪ ಕಳೆದುಕೊಂಡೆವು. 1956ರ ನವೆಂಬರ್ ಮೊದಲ ವಾರ ಕಾಸರಗೋಡಿನವರಿಗೆ ಮರೆಯುವಂತಹದಲ್ಲ; 1ನೆಯ ತಾರೀಕು ನಾವು ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಎಣಿಸಲ್ಪಟ್ಟೆವು. ನಮ್ಮ ಹಿರಿಯರು ಆ ದುಃಖದಲ್ಲಿದ್ದ ಅದೇ ವಾರ ಬ್ರಿಟನ್, ಫ್ರಾನ್ಸ್‌ಗಳ ವಿಮಾನಗಳು ಈಜಿಪ್ಟಿನ ಮೇಲೆ ಬಾಂಬು ಹಾಕುತ್ತಿದ್ದವು. 4ರಂದು ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿದವು. ಸೂಯೆಜ್ ವಿಚಾರದಲ್ಲಿ ನೆಹರೂ ಕೂಡಲೇ, ಕಟುವಾಗಿ ಮಾತನಾಡಿದರು. ಹಂಗೆರಿಯ ವಿಚಾರದಲ್ಲಿ ಧ್ವನಿ ಕುಗ್ಗಿತು. ಅಲ್ಲಿ ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಚುನಾವಣೆ ನಡೆಯಲೆಂದ 9ನೆಯ ತಾರೀಕಿನ ನಿರ್ಣಯಕ್ಕೆ ಭಾರತ ವಿರುದ್ಧ ಮತ ಹಾಕಿತು. ಹೊರಗಿನವರು ಚುನಾವಣೆ ನಡೆಸುವ ಪೂರ್ವಪದ್ಧತಿ ಮುಂದೆ ಕಾಶ್ಮೀರಕ್ಕೂ ತಗುಲೀತೆಂಬ ಅಂಜಿಕೆ ಇದ್ದಿರಬಹುದು. ಜಯಪ್ರಕಾಶ ನಾರಾಯಣರು ಆಗಲೇ ಇದನ್ನು ಬಹಿರಂಗವಾಗಿ ಖಂಡಿಸಿದರು. ನೆಹರೂ ಬಳಿಕ ಸೋವಿಯತ್ ನಡೆಯನ್ನು ಟೀಕಿಸಿದರೇನೋ ನಿಜ, ಬಲರಾಮನಂತೆ ತಡವಾಗಿ. 1951ರ ವಿರೋಧಮತಕ್ಕೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಅಂದು ಸಂಧಾನದ ಬಾಗಿಲು ಉಳಿಸಲು ನಮ್ಮ ಅನ್ನವನ್ನು ಪಣಕ್ಕಿಟ್ಟೆವು. ಇಂದು ನಮ್ಮ ಅನುಕೂಲವನ್ನು ಉಳಿಸಲು ಹಂಗೆರಿಯವರ ಮಾತನ್ನು ಪಣಕ್ಕಿಟ್ಟೆವು.

ಈ ಅಂತರವನ್ನೇ ಒರೆಗಲ್ಲಾಗಿ ಹಿಡಿದು ನಮ್ಮ ಕಾಲವನ್ನು ನೋಡೋಣ. 2022ರ ಮಾರ್ಚ್ 2ರಂದು ಉಕ್ರೇನಿನ ಮೇಲಿನ ರಷ್ಯಾದ ದಾಳಿಯನ್ನು ಖಂಡಿಸಿ 141 ದೇಶಗಳು ಮತ ಹಾಕಿದವು. ಹೊರಗುಳಿದ 35ರಲ್ಲಿ ನಾವೂ ಒಬ್ಬರು. ಯುದ್ಧಕ್ಕೆ ಮೊದಲು ನಾವು ಆಮದು ಮಾಡುವ ಕಚ್ಚಾತೈಲದಲ್ಲಿ ರಷ್ಯಾದ ಪಾಲು ಶೇಕಡಾ ಎರಡರಷ್ಟೂ ಇರಲಿಲ್ಲ. ಎರಡು ವರ್ಷದೊಳಗೆ ಅದು ಮೂರನೆಯ ಒಂದಂಶವನ್ನು ದಾಟಿತು. ಅಗ್ಗದ ಎಣ್ಣೆ ಬಡವನ ಬಸ್ಸಿನ ಟಿಕೆಟ್ಟನ್ನೂ ತರಕಾರಿಯ ದರವನ್ನೂ ಹಿಡಿದಿಟ್ಟಿತೆಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸರಕಾರದ ಮೊದಲ ಧರ್ಮ ತನ್ನ ಪ್ರಜೆಗಳ ಹೊಟ್ಟೆಯೇ. ನಮ್ಮ ಮೌನವನ್ನು ಆಡಿಕೊಂಡ ಯುರೋಪು ಕೂಡ ರಷ್ಯಾದ ಅನಿಲವನ್ನು ಕೊಳ್ಳುತ್ತಲೇ ಇತ್ತು. ಇದಕ್ಕೂ ಬೆಲೆ ತೆತ್ತಿದ್ದೇವೆ ಎನ್ನುವವರಿದ್ದಾರೆ: 2025ರ ಆಗಸ್ಟಿನಲ್ಲಿ ಈ ಎಣ್ಣೆಯ ಕಾರಣಕ್ಕಾಗಿ ಅಮೆರಿಕ ನಮ್ಮ ಸರಕುಗಳ ಮೇಲೆ ಶೇಕಡಾ 25ರಷ್ಟು ಹೆಚ್ಚುವರಿ ಸುಂಕ ಹೇರಿತು. ಆದರೆ ಲಾಭದ ಬೆನ್ನಿಗೆ ಬಂದ ನಷ್ಟ ವ್ಯಾಪಾರದ ಲೆಕ್ಕ. ಅದು ತ್ಯಾಗದ ಖಾತೆಗೆ ಜಮೆಯಾಗುವುದಿಲ್ಲ.

ಮತ ಹಾಕದೆ ಇದ್ದುದು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಮತ ಹಾಕದೆ ಉಳಿಸಿಕೊಂಡ ಆ ನಡುವಿನ ಜಾಗದಲ್ಲಿ ನಾವು ಏನು ಮಾಡಿದೆವು ಎಂಬುದು ಕಾಡುತ್ತದೆ. ಟರ್ಕಿಯನ್ನು ನೋಡಿ. ಅದು ಸತ್ಯಸಂಧರ ದೇಶವೇನಲ್ಲ. ರಷ್ಯಾದಿಂದ ಅನಿಲ ಕೊಳ್ಳುತ್ತದೆ, ಉಕ್ರೇನಿಗೆ ಡ್ರೋನು ಮಾರುತ್ತದೆ. ಆದರೂ 2022ರ ಜುಲೈಯಲ್ಲಿ ವಿಶ್ವಸಂಸ್ಥೆಯ ಜೊತೆ ನಿಂತು ಕಪ್ಪುಸಮುದ್ರದ ಧಾನ್ಯ ಒಪ್ಪಂದವನ್ನು ಮಾಡಿಸಿತು. ಒಂದು ವರ್ಷದಲ್ಲಿ ಮೂರು ಕೋಟಿ ಟನ್ನಿಗೂ ಮಿಕ್ಕಿ ಧಾನ್ಯ ಹೊರಬಂದಿತು. ಹಡಗುಗಳ ತಪಾಸಣೆಯ ದಣಿವಿನ ಕೆಲಸ ಇಸ್ತಾಂಬುಲಿನಲ್ಲಿ ನಡೆಯಿತು. ಇದನ್ನು ಮಧ್ಯಸ್ಥಿಕೆಯೆನ್ನಬೇಕು. ಪನ್‌ಮುಂಜೋಮ್‌ನ ಅನುಭವವಿದ್ದ ನಮಗೆ ಇಂತಹ ಕೆಲಸ ಹೊಸದಾಗಿರಲಿಲ್ಲ.

ಗಡಿನಾಡಿನ ನಾವು ಇದನ್ನು ಪುಸ್ತಕ ಓದಿ ಕಲಿಯಬೇಕಾಗಿಲ್ಲ. ಕಚೇರಿಯ ಮಲಯಾಳದ ಅರ್ಜಿಯನ್ನು ಕನ್ನಡದ ಅಜ್ಜಿಗೆ ಓದಿ ಹೇಳಿ, ಅಜ್ಜಿಯ ಅಹವಾಲನ್ನು ಗುಮಾಸ್ತರಿಗೆ ತಿಳಿಹೇಳುವ ಹುಡುಗ ನಮ್ಮ ಊರೂರಲ್ಲೂ ಇದ್ದಾನೆ. ಎರಡು ಭಾಷೆ ಬಲ್ಲೆನೆಂಬುದರಿಂದ ಅವನಿಗೆ ಮನ್ನಣೆ ಬರುವುದಿಲ್ಲ. ಕಚೇರಿಯ ಸಾಲಿನಲ್ಲಿ ನಿಲ್ಲುತ್ತಾನಲ್ಲ, ಅದರಿಂದ ಬರುತ್ತದೆ.

ಕೊರಿಯಾದ ಕೈದಿಗಳ ಕಥೆಯಲ್ಲಿ ಒಂದು ಸಣ್ಣ ತುಂಡು ಉಳಿದಿದೆ. ಆ ಸಾವಿರಾರು ಜನರ ನಡುವೆ 88 ಮಂದಿ ಯಾವ ಕಡೆಗೂ ಹೋಗಲು ಒಪ್ಪಲಿಲ್ಲ: 76 ಕೊರಿಯನ್ನರು, 12 ಚೀನೀಯರು. ಮೂರನೆಯ ದೇಶವೊಂದನ್ನು ಕೊಡಿ ಎಂದರು. ಅವರಿಗೆ ಆಸರೆ ಕೊಡಲು ಆಗ ಯಾವ ದೇಶವೂ ಸಿದ್ಧವಿರಲಿಲ್ಲವಾದ್ದರಿಂದ, ಕಾವಲು ಪಡೆಯ ಜೊತೆ ಅವರೂ ಹಡಗು ಹತ್ತಿದರು. ಕೊರಿಯಾದ ಲೇಖಕ ಚೋಯ್ ಇನ್‌ಹೂನ್ 1960ರಲ್ಲಿ ಬರೆದ ಪ್ರಸಿದ್ಧ ಕಾದಂಬರಿಯ ನಾಯಕ ಅಂತಹ ಒಬ್ಬ ಕೈದಿ. ಭಾರತದತ್ತ ಹೊರಟ ಹಡಗಿನಿಂದ ಅವನು ನಡುಗಡಲಿನಲ್ಲಿ ಕಾಣೆಯಾಗುತ್ತಾನೆ. ನಿಜವಾದ 88 ಮಂದಿ 1954ರ ಫೆಬ್ರವರಿಯಲ್ಲಿ, ಕಾಸರಗೋಡು ಇನ್ನೂ ಸೇರಿದ್ದ ಮದರಾಸು ರಾಜ್ಯದ ರಾಜಧಾನಿಯ ಬಂದರಿನಲ್ಲಿ ಇಳಿದರು. ಬಳಿಕ ಹೆಚ್ಚಿನವರು ಬ್ರೆಜಿಲ್, ಅರ್ಜೆಂಟೀನಾಗಳ ಕಡೆ ಹೋದರು. ಬೆರಳೆಣಿಕೆಯ ಕೆಲವರು ಇಲ್ಲೇ ಉಳಿದರು.